ಕಮಾನಿನಾಚೆಯ ಗವಿ

ಜನವರಿ ಹನ್ನೆರಡು, ಸೋಮವಾರ. ಮಾನ್ವಿ ಠಾಣೆಗೆ ನಾಗವೇಣಿ ಬಂದಾಗ ಇನ್ಸ್‌ಪೆಕ್ಟರ್ ಪಂಪಾಪತಿ ಆಗತಾನೆ ಕುರ್ಚಿಯಲ್ಲಿ ಕೂತಿದ್ದರು. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡ ಅಮರೇಶ ಕರಾವಳಿಯ ಪ್ರವಾಸದಲ್ಲಿ ಸಮುದ್ರ ಪಾಲಾಗಿ ಒಂದು ತಿಂಗಳಾಗಿತ್ತು. ಅಲ್ಲಿಯ ಠಾಣೆಯಲ್ಲಿ ಅಸಹಜ ಸಾವಿನ ಪ್ರಕರಣ ದಾಖಲಾಗಿತ್ತು.

ಆಕೆ ಕರವಸ್ತ್ರ ಬಿಚ್ಚಿ ತಾಳಿ ಸರವನ್ನು ಮೇಜಿನ ಮೇಲಿಟ್ಟಳು.

“ಇದನ್ನ ತರಾಕ ಹೋಗೇ ನಮ್ಮ ಮನ್ಯಾರು ಸತ್ತಿದ್ದು ಸರ್. ನಿನ್ನಿ ಪ್ರವಾಸದ ಬ್ಯಾಗ್ ತೊಳಿಯಾಕ ತಗದೆ. ಒಳಗಿನ ಜಿಪ್ಪಿನ್ಯಾಗ ಇತ್ತು.”

“ನೀವೇ ಇಟ್ಟು ಮರತಿರಬೇಕಲ್ರೀ?”

“ಇಲ್ರೀ. ನೀರಿಗಿಳಿಯೋ ಮುಂದ ದಾನೇಶ್ವರಿ ಟೀಚರ್, ‘ಅಕ್ಕಾ, ತೆರಿ ಎಳಕೊಂಡು ಹೋಗ್ತಾವ, ಬಿಚ್ಚಿ ಕೊಡ್ರಿ’ ಅಂದ್ಲು. ಆಕಿ ಕೈಯಾಗ ಕೊಟ್ಟೆ. ‘ದಂಡಿ ಮ್ಯಾಲಿನ ಗವಿಯಾಗ ಕಲ್ಲಿನ ಮ್ಯಾಲೆ ಇಟ್ಟು ಮರತೆ, ತರಾಕ ಅಣ್ಣ ಹೋದ್ರು’ ಅಂತ ಆಕಿ ಅಲ್ಲಿ ಪೊಲೀಸರಿಗೆ ಹೇಳ್ಯಾಳ. ಗವಿಯಾಗ ಉಳದಿದ್ದು ನನ್ನ ಬ್ಯಾಗಿಗೆ ಹೆಂಗ ಬಂತು?”

ಪಂಪಾಪತಿ ಪಂಚರನ್ನು ಕರೆಸಿ, ಪಂಚನಾಮೆ ಮಾಡಿ ಸರವನ್ನು ವಶಕ್ಕೆ ಪಡೆದರು. ಕೃತ್ಯ ನಡೆದ ಸ್ಥಳ ಬೇರೆ ಜಿಲ್ಲೆಯದಾದ್ದರಿಂದ ಝೀರೋ ಎಫ್‌ಐಆರ್ ದಾಖಲಿಸಿ ಅಲ್ಲಿಯ ಠಾಣೆಗೆ ಕಳಿಸಲಾಯಿತು. ಎರಡೂ ಠಾಣೆಯವರು ಕೂಡಿ ತನಿಖೆ ನಡೆಸಬೇಕೆಂದು ಆದೇಶ ಬಂತು.

ದಾನೇಶ್ವರಿ ನಾಗವೇಣಿಯ ಶಾಲೆಯಲ್ಲೇ ಶಿಕ್ಷಕಿ. ಗಂಡ ಹೆಂಡತಿಯ ಜೊತೆ ಆಕೆಯೂ ಹೋಗಿದ್ದಳು; ಪ್ರವಾಸದ ಮಾತೆತ್ತಿದ್ದೂ ಜಾಗ ಆರಿಸಿದ್ದೂ ಆಕೆಯೇ. ಮೊದಲ ವಿಚಾರಣೆಯಲ್ಲಿ ಆಕೆ ತಡವರಿಸಲಿಲ್ಲ.

“ಆ ಬೀಚಿಗೆ ಮೊದಲೆಂದಾದ್ರೂ ಹೋಗಿದ್ರೇನು?”

“ಇಲ್ಲ.”

“ಜಾಗ ಹೆಂಗ ಗೊತ್ತಾತು?”

“ಫೋನಿನ್ಯಾಗ ಫೋಟೋ ನೋಡಿದ್ದೆ.”

ಆಕೆಯ ಮೊಬೈಲಿನ ಟವರ್ ವಿವರ ತರಿಸಿದಾಗ ಬೇರೆಯೇ ಕಂಡಿತು. ಪ್ರವಾಸಕ್ಕೆ ಕೆಲವು ವಾರ ಮುಂಚೆ ಆಕೆ ಎರಡು ದಿನ ಅದೇ ಸಮುದ್ರದ ದಂಡೆಯಲ್ಲಿದ್ದಳು.

ಪಂಪಾಪತಿ ಕಾನ್‌ಸ್ಟೆಬಲ್ ಜಾಹೆದಾಳನ್ನು ಕರೆದುಕೊಂಡು ಕರಾವಳಿಗೆ ಹೋದರು. ಇಳಿತದ ಹೊತ್ತು. ನೀರು ಹಿಂದೆ ಸರಿದು, ಕಪ್ಪು ಬಂಡೆಯ ದೊಡ್ಡ ಕಮಾನಿನ ಕೆಳಗೆ ಒದ್ದೆ ಮರಳಿನ ದಾರಿ ತೆರೆದಿತ್ತು. ಅದರಾಚೆ ಗವಿ. ಒಳಗೆ ತಂಪು, ಗೋಡೆಗೆಲ್ಲ ಚಿಪ್ಪು ಕಚ್ಚಿಕೊಂಡಿದ್ದವು. ರಾಯಚೂರಿನ ಬಿಸಿಲಲ್ಲಿ ಬೆಳೆದ ಜಾಹೆದಾ ಗೋಡೆಗೆ ಅಂಗೈ ಹಚ್ಚಿ ಸ್ವಲ್ಪ ಹೊತ್ತು ನಿಂತಳು. ಅಷ್ಟರಲ್ಲಿ ಜೊತೆಗೆ ಬಂದಿದ್ದ ಜೀವರಕ್ಷಕ ಅವಸರ ಮಾಡಿದ. ಹೊರಗೆ ಬಂದು ನಿಂತು ನೋಡಿದರು. ಭರತದ ತೆರೆಗಳು ಮೊದಲು ಕಮಾನಿನ ದಾರಿಯನ್ನು ಮುಚ್ಚಿದವು, ಆಮೇಲೆ ಗವಿಯ ಬಾಯನ್ನು.

“ಈಜು ಬರೋನಾದ್ರೆ?” ಪಂಪಾಪತಿ ಜೀವರಕ್ಷಕನನ್ನು ಕೇಳಿದರು.

“ಈಜಲಿಕ್ಕೆ ಎಲ್ಲಿ ಬಿಡ್ತದೆ ಸರ್? ಬಂಡೆಗೆ ಹೊಡೀತದೆ.”

ದಂಡೆಯ ಚಹಾದಂಗಡಿಯ ಹೆಂಗಸಿಗೆ ಜಾಹೆದಾ ನಾಲ್ಕಾರು ಹೆಂಗಸರ ಫೋಟೋ ತೋರಿಸಿದಳು. ಆಕೆ ದಾನೇಶ್ವರಿಯ ಮೇಲೆ ಬೆರಳಿಟ್ಟಳು.

“ಇವರು ಮೊದಲು ಒಬ್ರೇ ಬಂದಿದ್ರು. ಎರಡು ದಿವಸ ಕಮಾನಿನ ಎದುರಿಗೇ ಕೂತಿದ್ರು. ನೀರು ಯಾವಾಗ ಏರ್ತದೆ, ಎಲ್ಲಿವರೆಗೆ ಬರ್ತದೆ, ಬರೀ ಅದೇ ಮಾತು.”

ಕಾರಣವೊಂದು ಸಿಗಬೇಕಿತ್ತು. ಅದು ದೇವದುರ್ಗ ತಾಲ್ಲೂಕಿನಲ್ಲಿ ಸಿಕ್ಕಿತು. ಮಾನ್ವಿಗೆ ವರ್ಗವಾಗುವ ಮೊದಲು ದಾನೇಶ್ವರಿ ಇದ್ದದ್ದು ಅಲ್ಲಿಯ ಕೃಷ್ಣಾ ದಂಡೆಯ ಹಳ್ಳಿಯಲ್ಲಿ. ಒಬ್ಬಳೇ ಮಗಳು ವಿಶಾಖಾ, ಏಳನೇ ತರಗತಿ. ಗೆಳತಿಯರ ಜೊತೆ ಹೊಳೆಗೆ ಹೋದವಳು ಮರಳು ತೆಗೆದ ಗುಂಡಿಯಲ್ಲಿ ಮುಳುಗಿದ್ದಳು. ಗುಂಡಿ ತೋಡಿಸಿದವನ ಹೆಸರು ಹೇಳಲು ಊರಲ್ಲಿ ಯಾರೂ ಮುಂದೆ ಬರಲಿಲ್ಲ. ವಿಶಾಖಾಳ ಅಜ್ಜಿ ಗೋಪಮ್ಮ ಈಗ ಹೇಳಿದಳು.

“ಮಾನ್ವಿ ಅಮರೇಶನ ಗುಂಡಿ ಯಪ್ಪಾ. ಎಲ್ಲಾರಿಗೂ ಗೊತ್ತಿತ್ತು. ಆತನ ಹೇಣ್ತಿ ಇರೋ ಸಾಲೀನೇ ಬೇಕಂತ ಕೇಳಿ ವರ್ಗಾ ತಗೊಂಡ್ಲು ನನ್ನ ಮಗಳು. ಬ್ಯಾಡ ಅಂದೆ. ಕೇಳಲಿಲ್ಲ.”

ಇಪ್ಪತ್ತೆರಡನೇ ತಾರೀಖು ಮಧ್ಯಾಹ್ನ ಮಾನ್ವಿಯ ಬಾಡಿಗೆ ಮನೆಯಲ್ಲಿ ದಾನೇಶ್ವರಿಯನ್ನು ಬಂಧಿಸಲಾಯಿತು. ಆಕೆ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಜೀಪು ಹತ್ತಿದಳು.

“ನಾ ಆತನ್ನ ನೂಕಿಲ್ಲ,” ಎಂದಳು ಠಾಣೆಯಲ್ಲಿ. “ನಾಗವೇಣಕ್ಕ ಸೀರಿ ಬದಲಿ ಮಾಡಾಕ ಹೋಗಿದ್ಲು. ತಾಳಿ ಗವಿಯಾಗ ಉಳದದ, ಅಕ್ಕಗ ಗೊತ್ತಾಗೋದ್ರಾಗ ತರ್ರಿ ಅಂದೆ. ಓಡಿದ.”

“ತಾಳಿ ಎಲ್ಲಿತ್ತು?”

“ನನ್ನ ಮುಷ್ಟಿಯಾಗ.”

“ಬ್ಯಾಗಿನ್ಯಾಗ ಯಾಕ ಇಟ್ರಿ?”

“ಆಕಿ ಬಂಗಾರ ನನಗ್ಯಾಕ? ಸೇಡು ಆತನ ಮ್ಯಾಲಿತ್ತು.”

ಜಾಹೆದಾ ನೀರಿನ ಲೋಟ ಮುಂದಿಟ್ಟಳು. ದಾನೇಶ್ವರಿ ಮುಟ್ಟಲಿಲ್ಲ.

“ಕಮಾನಿನ ಈಚಿ ಬಂಡೆಗಲ್ಲಿನ ಮ್ಯಾಲೆ ನಿಂತು ನೋಡಿದೆ. ನೀರು ಆತನ ನಡುಮಟ್ಟ ಬಂದಿತ್ತು. ಯಾರನ್ನಾರ ಕರೀರಿ ಅಂತ ಒದರಾಕತ್ತಿದ್ದ. ಆ ಒಂದು ಗಳಿಗಿ ಸಲುವಾಗಿ ಎರಡು ವರ್ಷ ಆತನ ಮನಿಯಾಗ ಚಹಾ ಕುಡದೀನಿ, ನಕ್ಕೀನಿ. ನಾ ವಿಶಾಖಾನ ತಾಯಿ ಅಂತ ಹೇಳ್ದೆ.”

“ಆತ ಏನಂದ?” ಪಂಪಾಪತಿ ಕೇಳಿದರು.

“‘ಯಾವ ವಿಶಾಖಾ?’ ಅಂದ ಸರ್. ಸಾಯೋತನಕ ಆತಗ ಗೊತ್ತಾಗಲೇ ಇಲ್ಲ.”

ಆಕೆ ಆಗ ಮೊದಲ ಬಾರಿ ಅತ್ತಳು.