ಮೂರನೇ ಡ್ರಮ್ಮಿನ ಮೀನು

ದುರುಗೇಶ್ ಡ್ರಮ್ಮಿನ ಮೇಲಿದ್ದ ಬಲೆ ಸರಿಸಿ ಎರಡೂ ಕೈ ಒಳಗೆ ಬಿಟ್ಟ. ಹಾಗೆಯೇ ನಿಂತ. ಕೈ ಹೊರಗೆ ತೆಗೆಯಲಿಲ್ಲ.

“ಏನಾತಲೇ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಸತ್ತೈತಿ” ಎಂದ.

ಆಗ ಮಧ್ಯಾಹ್ನ ಮೂರೂವರೆ ಗಂಟೆ. ೧೯೯೯ರ ಫೆಬ್ರವರಿಯ ಒಂದು ಭಾನುವಾರ. ಮಾಗಳದ ಹೊಳೆದಂಡೆಯಲ್ಲಿ ಗಾಳದ ಪಂದ್ಯ ಮುಗಿಯಲು ಇನ್ನು ಅರ್ಧ ತಾಸು ಮಾತ್ರ ಇತ್ತು. ದುರುಗೇಶ್ ಬೆಳಿಗ್ಗೆ ಹತ್ತೂವರೆಗೆ ಹಿಡಿದಿದ್ದ ಕಾಟ್ಲಾ ಮೀನು ಮೊದಲ ತೂಕದಲ್ಲಿ ಒಂಬತ್ತು ಕಿಲೋ ಇನ್ನೂರು ಗ್ರಾಂ ಬಂದಿತ್ತು. ಎರಡನೆಯದು ಹರಪನಹಳ್ಳಿಯ ಹಂಪೇಶನದು, ಆರು ಕಿಲೋ ಏಳುನೂರು. ಮೂರನೆಯದನ್ನು ಹೇಳುವ ಅಗತ್ಯವಿಲ್ಲ. ಅದನ್ನು ಹಿಡಿದವನೇ ನಾಚಿಕೊಂಡು ಮನೆಗೆ ಹೋಗಿದ್ದ.

ಪಂದ್ಯದ ನಿಯಮಗಳನ್ನು ಬರೆದವನು ನಾನು. ಊರ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮೇಷ್ಟ್ರಾಗಿದ್ದೆ. ಮೀನು ತಿಂದವನಲ್ಲ, ಹಿಡಿದವನೂ ಅಲ್ಲ. ಆದರೂ ಬರವಣಿಗೆ ನಿಮ್ಮದೇ ಇರಲಿ ಎಂದು ಸಮಿತಿಯ ಅಧ್ಯಕ್ಷ ಗುರುಬಸವರಾಜ ಹೇಳಿದ. ಒಬ್ಬನಿಗೆ ಒಂದು ಕೋಲು, ಒಂದು ಗಾಳ. ಸೀಟಿಯಿಂದ ಸೀಟಿಯವರೆಗೆ ಮಾತ್ರ ಆಟ. ಮೀನು ಗಾಳಕ್ಕೆ ಬಿದ್ದ ಕೂಡಲೇ ಸೀಟಿ ಹೊಡೆದು ಉಳಿದವರನ್ನು ಕರೆಯಬೇಕು. ಹಿಡಿದ ಮೀನನ್ನು ಕೂಡಲೇ ತೂಗಿಸಿ ನೀರು ತುಂಬಿದ ಡ್ರಮ್ಮಿನಲ್ಲಿ ಬಿಡಬೇಕು. ಸ್ಪರ್ಧಿಗಳು ಇನ್ನೊಬ್ಬರ ಡ್ರಮ್ಮು ಮುಟ್ಟುವಂತಿಲ್ಲ. ಕೊನೆಯ ತೂಕದ ಹೊತ್ತಿಗೆ ಮೀನು ಬದುಕಿರಬೇಕು. ತೂಕವಾದ ಮೇಲೆ ಅದನ್ನು ಹೊಳೆಗೇ ಬಿಡಬೇಕು. “ಹಿಡದು ಬಿಡೋದಂದ್ರ, ಊಟಕ್ಕ ಕರದು ಎಲಿ ಎತ್ತಿದಂಗಾತು ಮೇಷ್ಟ್ರ” ಎಂದು ಬೆಸ್ತರು ನಕ್ಕಿದ್ದರು. ನಕ್ಕರೂ ಒಪ್ಪಿದ್ದರು.

ಒಂಬತ್ತನೆಯ ನಿಯಮ ಮಾತ್ರ ಅವರೇ ಕೇಳಿ ಬರೆಸಿದ್ದು. ಹಿಂದಿನ ಬೇಸಿಗೆಯಲ್ಲಿ ಯಾರೋ ಮೇಲಿನ ಮಡುವಿಗೆ ವಿಷ ಹಾಕಿ, ಗಾಡಿಗಟ್ಟಲೆ ಮೀನು ಬೆಳ್ಳಗೆ ತೇಲಿದ್ದವು. ಅದಕ್ಕೆ ಹೀಗೆ ಬರೆದೆ: ‘ವಿಷದಿಂದ ಮೀನು ಸಾಯಲು ಕಾರಣನಾದವನು, ಯಾರೇ ಆಗಲಿ, ಮೂರು ವರ್ಷ ಈ ದಂಡೆಗೆ ಬರತಕ್ಕದ್ದಲ್ಲ.’ ಪಂದ್ಯಕ್ಕಷ್ಟೇ ಅಲ್ಲ, ದಿನದ ಮೀನುಗಾರಿಕೆಗೂ ಇದೇ ನಿಯಮ ಎಂದು ಬೆಸ್ತರ ಸಂಘದವರು ಹೆಬ್ಬೆಟ್ಟು ಒತ್ತಿದ್ದರು. ದುರುಗೇಶನೂ ಒತ್ತಿದ್ದ. ಅವನಿಗೆ ಹೊಲವಿಲ್ಲ. ಹರಿಗೋಲು, ಬಲೆ, ಈ ದಂಡೆ — ಇಷ್ಟೇ.

ಹಂಪೇಶ್ ಬಂದು ಬಗ್ಗಿ ನೋಡಿದ. ಹರಪನಹಳ್ಳಿಯಲ್ಲಿ ಅವನಿಗೆ ಮೆಕ್ಕೆಜೋಳ ಬಿಡಿಸುವ ಯಂತ್ರಗಳ ಅಂಗಡಿ. ಕೈಯಲ್ಲಿ ಹೊರದೇಶದ ಗಾಳದ ಕೋಲು, ತಲೆಗೆ ಟೋಪಿ.

“ಕಿವಿರು ನೋಡ್ರಿ. ಕೆಂಪಗಿರಬೇಕಾದ್ದು ಬೆಳ್ಳಗಾಗೇತಿ. ಇದು ಗಾಳಕ್ಕ ಬಿದ್ದ ಮೀನಲ್ಲ, ಮದ್ದಿಗೆ ಬಿದ್ದದ್ದು.”

“ನಾನು ಸೀಟಿ ಹೊಡದಿಲ್ಲೇನು?” ಎಂದ ದುರುಗೇಶ್.

“ಹೊಡದಿ. ಬಂಡಿಗಲ್ಲಿನ ಹಿಂದ ಕುಂತು ಹೊಡದಿ. ನಾವು ಬರೋದ್ರಾಗ ಮೀನು ಆಗಲೇ ದಂಡಿ ಮ್ಯಾಲಿತ್ತು. ಗಾಳಕ್ಕ ಬಿದ್ದಿದ್ದು ಯಾರು ನೋಡ್ಯಾರ?”

ಯಾರೂ ನೋಡಿರಲಿಲ್ಲ.

ಗುರುಬಸವರಾಜ ನನ್ನ ಕಡೆ ತಿರುಗಿದ. “ಮೇಷ್ಟ್ರ, ಡ್ರಮ್ಮಿನ ಹತ್ರ ಕುಂತವ್ರು ನೀವು. ಯಾರರ ಬಂದಿದ್ರೇನು?”

“ಯಾರೂ ಬಂದಿಲ್ಲ” ಎಂದೆ. ಅದು ನಿಜವಾಗಿತ್ತು. ಬೆಳಿಗ್ಗೆಯಿಂದ ಅಲ್ಲಿ ಕುರ್ಚಿ ಹಾಕಿಕೊಂಡು ಕುಳಿತವನು ನಾನೇ. ಎದ್ದದ್ದು ಒಂದೇ ಸಲ. ಒಂದು ಗಂಟೆಗೆ ಬಿಸಿಲೇರಿ ಮೀನು ತೇಕುವುದನ್ನು ಕಂಡು, ಡ್ರಮ್ಮು ತಂಪು ಮಾಡಿ ಮತ್ತೆ ಬಂದು ಕುಳಿತಿದ್ದೆ. ಆಗ ಅದು ಬದುಕಿತ್ತು.

“ಅಂದ ಮ್ಯಾಲೆ ವಿಷ ಮೀನಿನ ಜೋಡಿಯೇ ಬಂದೈತಿ” ಎಂದ ಹಂಪೇಶ್.

ನನ್ನ ಮಾತೇ ದುರುಗೇಶನ ಕೊರಳಿಗೆ ಸುತ್ತಿಕೊಂಡಿತು. ಗುರುಬಸವರಾಜ ನಿಟ್ಟುಸಿರು ಬಿಟ್ಟು, “ಒಂಬತ್ತನೇ ನಿಯಮದ ಕಾಗದ ಬರೀರಿ. ಐದಕ್ಕ ಮೈಕಿನ್ಯಾಗ ಓದೂನು” ಎಂದ. ನಾನು ಬರೆದೆ. ದುರುಗೇಶ್ ನನ್ನ ಹಳೆಯ ವಿದ್ಯಾರ್ಥಿ. ಅವನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಎಷ್ಟೋ ಸಲ ಬರೆದಿದ್ದೆ. ಇಂಥ ಕಾಗದದಲ್ಲಿ ಇದೇ ಮೊದಲು.

“ಮೂರು ವರ್ಷ ಏನ್ ಮಾಡ್ಲಿ ಮೇಷ್ಟ್ರ?” ಎಂದು ಅವನು ಕೇಳಿದ. ಸಿಟ್ಟಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಾಗಿದ್ದವನ ಹಾಗೆ ಕೇಳಿದ.

ಆಗ ಜಾಲಿಮರದ ನೆರಳಿನಿಂದ ಕೊಟ್ರಬಸಮ್ಮ ಎದ್ದು ಬಂದಳು. ಆಕೆ ನನ್ನ ಹೆಂಡತಿ ಪಂಪಮ್ಮನ ಅಕ್ಕ. ಕೂಡ್ಲಿಗಿ ಸೀಮೆಯ ಹಳ್ಳಿಹಳ್ಳಿ ತಿರುಗಿ ಮೂವತ್ತು ವರ್ಷ ನರ್ಸಮ್ಮನಾಗಿದ್ದವಳು. ನನ್ನ ಪಂಪಮ್ಮ ತೀರಿಕೊಂಡು ಏಳು ತಿಂಗಳಾಗಿತ್ತು. ಆಮೇಲೆ ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇದ್ದು, ನಾನು ಉಣ್ಣುತ್ತೇನೋ ಇಲ್ಲವೋ ನೋಡಿ ಹೋಗುತ್ತಿದ್ದಳು.

“ಐದಕ್ಕ ಅಂದ್ರಿ. ಇನ್ನೂ ಟೈಮ್ ಐತಿ” ಎಂದಳು. “ನಾಕು ಮಾತು ಕೇಳಲೇನು?”

“ಬಾಣಂತಿ ಕೇಸ್ ಅಲ್ರಿ ನರ್ಸಮ್ಮ ಇದು, ಮೀನು” ಎಂದ ಹಂಪೇಶ್.

“ಸತ್ತದ್ದು ಸತ್ತದ್ದೇ ಅಲ್ಲೇನಪಾ. ದುರುಗೇಶಿ, ಮೊದಲು ನೀ ಹೇಳು. ಡ್ರಮ್ಮಿಗೆ ನೀರು ಯಾರು ತುಂಬಿದ್ರು?”

“ನಾನ. ಇದೇ ದಂಡಿ ನೀರು. ಮೂರೂ ಡ್ರಮ್ಮಿಗೆ ನಾನ ತುಂಬೀನಿ. ಪ್ಯಾಟಿ ಮಂದಿಗೆ ಕೊಡ ಹೊರಾಕ ಬರಂಗಿಲ್ಲಲ್ಲ.”

“ಮೀನು ಹಿಡದದ್ದು ಎಲ್ಲಿ?”

“ಮ್ಯಾಲಿನ ಮಡುವಿನ ಬಂಡಿಗಲ್ಲಿನ ಹತ್ರ. ಇಲ್ಲಿಂದ ಒಂದು ಕೂಗಳತಿ.”

ಆಕೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ದುರುಗೇಶನ ಮೀನಿದ್ದ ಮೂರನೇ ಡ್ರಮ್ಮಿನ ಮುಂದೆ ಕುಳಿತಳು. ಅದು ಸಾಲಿನ ತುದಿಯಲ್ಲಿತ್ತು; ಉಳಿದೆರಡಕ್ಕೆ ಮರದ ನೆರಳು, ಇದಕ್ಕೆ ಇರಲಿಲ್ಲ. ಮೀನನ್ನು ಎತ್ತಿಸಿದಳು. ಕಿವಿರು ಬಿಡಿಸಿ ನೋಡಿದಳು. ಲೋಳೆ ಕಟ್ಟಿತ್ತು. ನೀರನ್ನು ಅಂಗೈಯಲ್ಲಿ ಹಿಡಿದು ಮೂಸಿದಳು. “ವಾಸನಿ ಇಲ್ಲ” ಎಂದಳು. ಆಮೇಲೆ ನೀರನ್ನು ಮೆಲ್ಲಗೆ ಬಗ್ಗಿಸತೊಡಗಿದಳು. ತಳದಲ್ಲಿ ಗೋಧಿಕಾಳಿನಷ್ಟು ಉದ್ದದ ಏಳೆಂಟು ಮೀನುಮರಿಗಳು ಬಿದ್ದಿದ್ದವು. ಎಲ್ಲವೂ ಸತ್ತಿದ್ದವು.

“ಇವು ಏನು?”

“ನೀರು ತುಂಬಾವಾಗ ಕೊಡದಾಗ ಬಂದಿರ್ತಾವು. ಹೊಳಿ ನೀರಂದ ಮ್ಯಾಲೆ ಮರಿ ಇದ್ದೇ ಇರ್ತಾವು” ಎಂದ ದುರುಗೇಶ್.

ಆಕೆ ಹಂಪೇಶನ ಡ್ರಮ್ಮಿಗೆ ಹೋದಳು. ಅಲ್ಲಿ ಆರು ಕಿಲೋ ಮೀನಿನ ಬಾಲದ ಸುತ್ತ ಅಂಥವೇ ಮರಿಗಳು ಚುರುಕಾಗಿ ಓಡಾಡುತ್ತಿದ್ದವು.

“ಗುರುಬಸವರಾಜ, ಇಲ್ಲಿ ಬಾ” ಎಂದಳು. “ದೊಡ್ಡ ಮೀನು ಮ್ಯಾಲಿನ ಮಡುವಿನ್ಯಾಗ ವಿಷ ಕುಡದು ಬಂತು ಅಂತ ಇಟ್ಕೊಳ್ಳೋಣು. ಈ ಮರಿ ಮಡುವಿನವಲ್ಲ. ಈ ದಂಡಿ ನೀರಿನ ಜೋಡಿ ಬಂದವು. ಅದೇ ನೀರಿನ ಮರಿ ಹಂಪೇಶಿ ಡ್ರಮ್ಮಿನ್ಯಾಗ ಆಡಾಕತ್ಯಾವು. ಇಲ್ಲಿ ಸತ್ತಾವು. ಅಂದ್ರ?”

ಗುರುಬಸವರಾಜ ಎರಡೂ ಡ್ರಮ್ಮಿಗೆ ಬಗ್ಗಿ ನೋಡಿದ. “ವಿಷ ಇಲ್ಲೇ ಬಿದ್ದೈತಿ. ಡ್ರಮ್ಮಿಗೆ” ಎಂದ.

ಎಲ್ಲರ ಕಣ್ಣು ಹಂಪೇಶನ ಮೇಲೆ ಹೋಯಿತು. ಮೀನು ಸತ್ತರೆ ಗೆಲ್ಲುವವನು ಅವನೊಬ್ಬನೇ. ಅವನು ಟೋಪಿ ತೆಗೆದ.

“ನನ್ಯಾಕ ನೋಡ್ತೀರಿ? ಮುಂಜಾನಿ ಎರಡೂ ಮೀನು ತೂಗಿದ ಮ್ಯಾಲೆ ಕೆಳಗಿನ ಪಾವಟಿಗಿ ಮೆಟ್ಟಲು ಬಿಟ್ಟು ಎದ್ದಿಲ್ಲ ನಾನು. ಪಕ್ಕೀರಮ್ಮನ್ನ ಕೇಳ್ರಿ. ಆಕಿ ಚಾದಂಗಡಿ ಎದುರಿಗೇ ಕುಂತಿದ್ದೆ.”

ಪಕ್ಕೀರಮ್ಮ ದಂಡೆಯ ಮೇಲೆ ತಟ್ಟಿಯ ಅಂಗಡಿ ಹಾಕಿದ್ದಳು. “ಕುಂತಿದ್ದ. ಎದ್ದಿಲ್ಲ” ಎಂದಳು. “ಆರು ಚಾ ತಗೊಂಡ. ಮೊದಲನೇದು ಚೆಲ್ಲಿದ, ಐದು ಕುಡದ.”

“ಚೆಲ್ಲಿದ್ಯಾಕ?” ಕೊಟ್ರಬಸಮ್ಮ ಕೂಡಲೇ ಕೇಳಿದಳು.

“ಔಷಧಿ ವಾಸನಿ ಹೊಡೀತೈತಿ ಅಂದ. ಬರೇ ಇವನಲ್ಲ, ಎಲ್ಲರೂ ಅಂದ್ರು. ನಳದ ನೀರು ಇವತ್ತು ಬಾಯಾಗ ಇಡಂಗಿಲ್ಲ. ಆಮೇಲೆ ನಾನು ಹೊಳಿ ನೀರು ಸೋಸಿ ಚಾ ಮಾಡೀನಿ.”

“ನೀರು ಬಿಡೋ ಜೋಗಪ್ಪ ಎಲ್ಲದಾನ?”

ಪಂಚಾಯಿತಿಯ ನೀರುಗಂಟಿ ಜೋಗಪ್ಪ ಗುಂಪಿನಲ್ಲೇ ಇದ್ದ. ಮುಂದೆ ಬಂದ.

“ಟ್ಯಾಂಕಿಗೆ ಎಷ್ಟು ಬ್ಲೀಚಿಂಗ್ ಪುಡಿ ಹಾಕಿದಿ?”

“ದಿನಾ ಹಾಕೋದು ಒಂದು ಡಬ್ಬಿ, ನರ್ಸಮ್ಮ.”

“ಇವತ್ತು?”

ಅವನು ತಲೆ ಕೆರೆದುಕೊಂಡ. “ಹರಪನಹಳ್ಳಿ, ಹಡಗಲಿಯಿಂದ ಮಂದಿ ಬರ್ತಾರ, ಯಾರಿಗರ ವಾಂತಿ ಭೇದಿ ಆದ್ರ ಊರ ಮಾನ ಹೊಕ್ಕೈತಿ ಅಂತ... ನಾಕು ಡಬ್ಬಿ ಹಾಕಿದೆ.”

“ನಾಕು?”

“ಮಂದಿ ಭಾಳ ಇದ್ರಲ್ರಿ.”

ಗುಂಪಿನಲ್ಲಿ ಒಬ್ಬಿಬ್ಬರು ನಕ್ಕರು. ಕೊಟ್ರಬಸಮ್ಮ ನಗಲಿಲ್ಲ. ಪಕ್ಕೀರಮ್ಮನ ಕಿವಿಯ ಹತ್ತಿರ ಬಗ್ಗಿ ಏನೋ ಕೇಳಿದಳು. ಪಕ್ಕೀರಮ್ಮ ಒಮ್ಮೆ ನನ್ನ ಕಡೆ ನೋಡಿ, ಸಣ್ಣ ದನಿಯಲ್ಲಿ ಉತ್ತರ ಹೇಳಿದಳು. ಆಮೇಲೆ ಕೊಟ್ರಬಸಮ್ಮ ನನ್ನ ಹತ್ತಿರ ಬಂದು, ನನ್ನ ಕುರ್ಚಿಯ ಪಕ್ಕದ ಕಲ್ಲಿನ ಮೇಲೆ ಕುಳಿತಳು.

“ಮೇಷ್ಟ್ರ, ನಾನು ಮೂವತ್ತು ವರ್ಷ ಊರೂರು ತಿರುಗಿ ಒಂದೇ ಪ್ರಶ್ನಿ ಕೇಳೀನಿ. ಮಂದಿ ವಾಂತಿ ಮಾಡ್ಕೊಂಡು ಮಲಗಿರ್ತಿದ್ರು. ಮನಿಯವ್ರು ದೆವ್ವ ಅನ್ನೋರು, ಮಾಟ ಅನ್ನೋರು, ಬೀಗರು ಮದ್ದು ಹಾಕ್ಯಾರ ಅನ್ನೋರು. ನಾನು ಕೇಳ್ತಿದ್ದದ್ದು ಒಂದೇ — ಯಾವ ನೀರು ಕುಡದ್ರಿ? ಇವತ್ತು ಎಲ್ಲರೂ ಮೀನು ಹಿಡದದ್ದು ಯಾರು, ಮುಟ್ಟಿದ್ದು ಯಾರು ಅಂತ ಕೇಳಿದ್ರು. ಮೀನು ಯಾವ ನೀರಿನ್ಯಾಗ ಇತ್ತು ಅಂತ ಒಬ್ರೂ ಕೇಳಲಿಲ್ಲ.”

“ದುರುಗೇಶ್ ಹೇಳಿದನಲ್ಲ, ಹೊಳಿ ನೀರು ಅಂತ” ಎಂದೆ.

“ತುಂಬಿದ್ದು ಹೊಳಿ ನೀರು. ಒಂದು ಗಂಟಿಗೆ ಹಾಕಿದ್ದು?”

ನನ್ನ ಕಣ್ಣು ಪಕ್ಕೀರಮ್ಮನ ಕೊಡದ ಕಡೆ ಹೋಯಿತು.

“ಬ್ಲೀಚಿಂಗ್ ಹಾಕಿದ ನೀರು ನಮಗ ಔಷಧಿ. ಮೀನಿಗೆ ವಿಷ. ಕಿವಿರು ಸುಟ್ಟು ಬೆಳ್ಳಗಾಕ್ಕಾವು. ಬಿಸಿಲಿಗೆ ಎರಡು ತಾಸು ಇಟ್ರ ವಾಸನಿ ಹಾರಿ ಹೊಕ್ಕೈತಿ. ಅದಕ್ಕ ನಾನು ಮೂಸಿದಾಗ ಏನೂ ಗೊತ್ತಾಗಲಿಲ್ಲ. ಬೆಸ್ತರ ಪೈಕಿ ಯಾರೂ ಮೀನಿಗೆ ನಳದ ನೀರು ಹಾಕಂಗಿಲ್ಲ. ಹಂಪೇಶಿ ಎದ್ದಿಲ್ಲ. ಮೀನು ತಿನ್ನದವ್ರು, ಮೀನು ಸಾಕದವ್ರು, ಹೊಳಿ ನೀರು ರಾಡಿ ಐತಿ, ನಳದ ನೀರು ಶುದ್ಧ ಅನ್ನವ್ರು ಮಾತ್ರ ಇದನ್ನ ಮಾಡ್ತಾರ. ಒಂದು ಗಂಟಿಗೆ ಪಕ್ಕೀರಮ್ಮನ ಕೊಡ ಇಸಗೊಂಡು ಟ್ಯಾಂಕಿಗೆ ನಾಕು ಸಲ ಹೋಗಿ ಬಂದವ್ರು ಒಬ್ರೇ. ನೀವು.”

ಆ ನೀರಿನ ವಾಸನೆ ನನಗೂ ಬಂದಿತ್ತು. ಆಸ್ಪತ್ರೆಯ ವಾಸನೆ, ಶುಚಿಯ ವಾಸನೆ ಎಂದುಕೊಂಡಿದ್ದೆ. ಡ್ರಮ್ಮಿನ ಬೆಚ್ಚಗಿನ ರಾಡಿ ನೀರನ್ನು ಅರ್ಧ ಚೆಲ್ಲಿ, ನಾಲ್ಕು ಕೊಡ ಹೊಯ್ದಿದ್ದೆ. ಹೊಯ್ಯುವಾಗ ಶಿವನಾಮ ಹೇಳಿಕೊಂಡಿದ್ದೆ.

“ಯಾಕ ಹಾಕಿದ್ರಿ?” ಎಂದು ಆಕೆ ಮೆಲ್ಲಗೆ ಕೇಳಿದಳು.

“ಮೀನು ಬಾಯಿ ತೆಗೆದು ತೆಗೆದು ಮುಚ್ಚುತ್ತಿತ್ತು” ಎಂದೆ.

ಪಂಪಮ್ಮನಿಗೆ ಮೂತ್ರಪಿಂಡ ಕೆಟ್ಟಿತ್ತು. ಕೊನೆಯ ನಾಲ್ಕು ದಿನ ಹಾಗೆಯೇ ಬಾಯಿ ತೆಗೆದು ನೀರು, ನೀರು ಎಂದು ಕೇಳಿದ್ದಳು. ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಅವರು ಹೇಳಿದ್ದು ಸರಿಯೇ ಇತ್ತು. ನಾನು ಕೊಟ್ಟಿರಲಿಲ್ಲ. ಆಗ ಆಸ್ಪತ್ರೆಯಲ್ಲಿ ನನ್ನ ಜೊತೆ ಕುಳಿತಿದ್ದವಳು ಈ ಕೊಟ್ರಬಸಮ್ಮನೇ.

ಐದು ಗಂಟೆಗೆ ನಾನು ಮೈಕಿನ ಮುಂದೆ ನಿಂತೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ದುರುಗೇಶ್ ಮೀನು ಹಿಡಿದದ್ದು ನ್ಯಾಯವಾಗಿ. ಅದನ್ನು ಕೊಂದವನು ನಾನು. ಸತ್ತ ಮೀನು ತೂಕಕ್ಕೆ ಬರುವುದಿಲ್ಲವಾದ್ದರಿಂದ ಗೆದ್ದವನು ಹಂಪೇಶ್. ಬಳಿಕ ಕಾಗದದಲ್ಲಿದ್ದ ದುರುಗೇಶನ ಹೆಸರು ಹೊಡೆದುಹಾಕಿ, ಅಲ್ಲಿ ಉಜ್ಜಿನಪ್ಪ ಎಂದು ನನ್ನ ಹೆಸರು ಬರೆದೆ.

“ಮೇಷ್ಟ್ರ, ಇದು ತಿಳೀದೇ ಆದದ್ದು. ಅದಕ್ಕ ಒಂಬತ್ತನೇ ನಿಯಮ ಯಾಕ?” ಎಂದ ಗುರುಬಸವರಾಜ.

“ತಿಳಿದು, ತಿಳಿಯದೆ ಅಂತ ನಾನು ಬರೆದಿಲ್ಲ. ಯಾರೇ ಆಗಲಿ ಅಂತ ಬರೆದೀನಿ.”

ಹಂಪೇಶ್ ಎದ್ದು ದುರುಗೇಶನ ಹತ್ತಿರ ಹೋಗಿ, “ಮದ್ದು ಅಂದದ್ದು ತಪ್ಪಾತಪಾ” ಎಂದ. ದುರುಗೇಶ್ ತಲೆಯಾಡಿಸಿದ. “ಕೋಲು ಚಲೋ ಐತಿ ನಿಂದು. ಹಿಡಿಯಾಕ ಇನ್ನಷ್ಟು ಕಲಿ” ಎಂದ. ಜನ ನಕ್ಕರು.

ಆಮೇಲೆ ಅವನು ನನ್ನ ಮುಂದೆ ಬಂದು ನಿಂತ. ಕಾಗದ ತೆಗೆದುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ಪೂರಾ ಓದಿದ. ಮಡಚಿ ತನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡ.

“ಮೂರು ವರ್ಷ ಬರಬ್ಯಾಡ್ರಿ ಅನ್ನಾಕ ನನಗ ಮನಸ್ಸಿಲ್ಲ. ಬರ್ರಿ ಅಂದ್ರ ನೀವು ಬರಂಗಿಲ್ಲ, ಗೊತ್ತೈತಿ” ಎಂದ. “ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಕೊಬ್ಯಾಡ್ರಿ. ಮುಂದ ಯಾವತ್ತರ ಮೀನು ಹಂಗ ಬಾಯಿ ತೆಗಿಯೋದು ಕಂಡ್ರ, ನೀರು ತಂದು ಹಾಕಬ್ಯಾಡ್ರಿ ಮೇಷ್ಟ್ರ. ಎತ್ತಿ ಹೊಳಿಗೆ ಬಿಟ್ಟುಬಿಡ್ರಿ. ಸೋತ್ರ ನಾ ಸೋಲ್ತೀನಿ.”

ನಾನು ಹೂಂ ಎಂದೆ. ಕೊಟ್ರಬಸಮ್ಮ ನನ್ನ ಕೈ ಹಿಡಿದಳು. ದಂಡೆಯಿಂದ ಊರ ಕಡೆಗೆ ಹತ್ತುವ ಮೆಟ್ಟಿಲು ಇಪ್ಪತ್ತೆರಡು. ತಿರುಗಿ ನೋಡದೆ ಹತ್ತಿದೆವು.