ಎಂಟರ್ ಒತ್ತಬೇಡಿ, ಚಾಳೀಸಣ್ಣ!

ನನ್ನ ಕಾಲರ್ ಅವನ ಮುಷ್ಟಿಯಲ್ಲಿತ್ತು. ನನ್ನ ಕಾಲು ನೆಲದ ಮೇಲಿರಲಿಲ್ಲ!

"ನನ್ ತಂಗಿ ಅಲ್ಲಿ ರಕ್ತ ಸುರಿಸ್ಕೊಂಡು ಬಿದ್ದಿದಾಳೆ... ನೀನಿಲ್ಲಿ ಟಿವಿ ನೋಡ್ತಾ ಕೂತಿದೀಯಾ?"

ಲಾರಿ ಡ್ರೈವರ್. ಅವನ ಮುಂಗೈ ನನ್ನ ತೊಡೆಯಷ್ಟಿತ್ತು.

"ಟಿವಿ ಅಲ್ಲ ಅಣ್ಣಾ, ಸರ್ವರ್ರು. ಇಳಿಸಿದ್ರೆ ಏನಾಗಿದೆ ನೋಡ್ತೀನಿ."

ಇಳಿಸಿದ. ಕಾಲರ್ ಮಾತ್ರ ಬಿಡಲಿಲ್ಲ.

ಮಧ್ಯಾಹ್ನ ಎರಡೂ ಹತ್ತು. ಆಸ್ಪತ್ರೆಯ ಡೇಟಾಬೇಸ್ ಕಾಯುವುದು ನನ್ನ ಕೆಲಸ, ಸ್ವಾಮಿ. ಹನ್ನೊಂದು ವರ್ಷದಿಂದ ನಾನು ಅದನ್ನು ಕಾಯುತ್ತಿದ್ದೇನೆ, ಅದು ನನ್ನನ್ನು ಕಾಯಿಸುತ್ತಿದೆ. ಅವತ್ತು ಇಡೀ ಆಸ್ಪತ್ರೆಯನ್ನೇ ಕಾಯಿಸಿತ್ತು.

ಬ್ಲಡ್ ಬ್ಯಾಂಕಿನ ಫ್ರಿಜ್ಜಿನಲ್ಲಿ ರಕ್ತವಿತ್ತು. ಆ ಹುಡುಗಿಗೆ ಯಾವ ರಕ್ತ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬ ಹಳೆಯ ದಾಖಲೆ ಮಾತ್ರ ಕಂಪ್ಯೂಟರಿನಲ್ಲಿ ಸಿಕ್ಕಿಕೊಂಡಿತ್ತು. ಸ್ಕ್ರೀನಿನ ಮೇಲೆ ಚಕ್ರ ತಿರುಗುತ್ತಿತ್ತು. ತಿರುಗುತ್ತಲೇ ಇತ್ತು...

"ರೀಸ್ಟಾಆಆರ್ಟ್ ಮಾಡ್ರೀ!"

ಸೂಪರಿಂಟೆಂಡೆಂಟ್ ಮೇಡಂ. ಅವರ ದನಿ ಆಂಬುಲೆನ್ಸಿನ ಹಾಗೆ. ಏರುತ್ತದೆ, ಇಳಿಯುತ್ತದೆ, ಎಲ್ಲರೂ ದಾರಿ ಬಿಡುತ್ತಾರೆ.

ನಾನು ಬಿಡಲಿಲ್ಲ.

"ಕೆಲಸದ ಮಧ್ಯೆ ಅದರ ಕತ್ತು ಹಿಚುಕಿದ್ರೆ ಎದ್ದು ಕೂರೋಕೆ ಮುಕ್ಕಾಲು ಗಂಟೆ ಬೇಕು, ಮೇಡಂ. ಹೊಸದಾಗಿ ಟೆಸ್ಟ್ ಮಾಡಿಸಿದ್ರೆ?"

"ಒಂದು ಗಂಟೆ! ಡಾಕ್ಟ್ರು ಅವಳಿಗೆ ಇಪ್ಪತ್ತೈದು ನಿಮಿಷ ಅಂತಿದಾರೆ!"

ಕಾಲರ್ ಇನ್ನಷ್ಟು ಬಿಗಿಯಾಯಿತು.

ಡೇಟಾಬೇಸಿನೊಳಗೆ ಆಗ ಯಾರ್ಯಾರಿದ್ದಾರೆ ಎಂಬ ಪಟ್ಟಿ ತೆಗೆದೆ. ಇನ್ನೂರ ಹನ್ನೆರಡು ಸೆಷನ್‌ಗಳು ಸಾಲಾಗಿ ನಿಂತಿದ್ದವು. ಹೊಸಬರು ಇಲ್ಲೇ ಎಡವುವುದು. ಹೆಚ್ಚು ಅರಚುವವನನ್ನೇ ಕಳ್ಳ ಎಂದುಕೊಳ್ಳುತ್ತಾರೆ. ಕ್ಯೂನಲ್ಲಿ ಅರಚುವವರು ಅಮಾಯಕರು. ಬಾಗಿಲಿಗೆ ಅಡ್ಡ ನಿಂತವನು ಸದ್ದು ಮಾಡುವುದಿಲ್ಲ.

ಸಿಕ್ಕಿದ. ನೂರಾ ಎಂಬತ್ತೇಳನೇ ಸೆಷನ್. ಐವತ್ತು ನಿಮಿಷದ ಹಿಂದೆ ರೋಗಿಗಳ ಮಾಹಿತಿಯ ಟೇಬಲ್ಲಿನಲ್ಲಿ ಏನನ್ನೋ ತಿದ್ದಿ, ಖಾಯಂ ಮಾಡದೆ, ರದ್ದೂ ಮಾಡದೆ ಸುಮ್ಮನೆ ಕೂತಿತ್ತು. ಅಲ್ಲಿಯವರೆಗೆ ಮಿಕ್ಕವರಿಗೆಲ್ಲ ಆ ಟೇಬಲ್ಲಿಗೆ ಬೀಗ. ರೆಕಾರ್ಡ್ಸ್ ಆಫೀಸಿನ ಕಂಪ್ಯೂಟರ್. ಅಂದರೆ ಅಲ್ಲಿನ ಗುಮಾಸ್ತ ಚಾಳೀಸಣ್ಣ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮೇಜಿನ ಕೆಳಗೆಲ್ಲ ಹುಡುಕುವ ಮನುಷ್ಯ.

"ಫೋನ್ ಹಾಕಿ ಅವನಿಗೆ!" ಎಂದರು ಮೇಡಂ, ತಾವೇ ಹಾಕಿದರು.

ಅಷ್ಟರಲ್ಲಿ ನಾನು ಬೀಗ ದಾಟಿ ಹಿಂದಿನ ಕಿಟಕಿಯಿಂದ ಇಣುಕಿದೆ. ಅದಕ್ಕೂ ಒಂದು ಕಮಾಂಡ್ ಇದೆ. ಕೆಟ್ಟ ಚಾಳಿ. ಇನ್ನೂ ಖಾಯಂ ಆಗದ ಅರೆಬೆಂದದ್ದೂ ಕಾಣುತ್ತದೆ.

ಹುಡುಗಿಯ ಸಾಲು ಬಂತು. ರಕ್ತಕ್ಕೆ ರಿಯಾಕ್ಷನ್: ಇಲ್ಲ.

"ಇಲ್ಲವಂತೆ!" ಮೇಡಂ ಉಸಿರು ಬಿಟ್ಟರು. "ಗ್ರೂಪ್ ನೋಡಿ ಕೊಟ್ಟುಬಿಡೋಣ."

"ಇಲ್ಲ ಅಂದ್ರೆ?" ಡ್ರೈವರ್ ನನ್ನನ್ನು ಅಲುಗಾಡಿಸಿದ. "ಹೋದ ಸಲ ಇಲ್ಲೇ ರಕ್ತ ಕೊಟ್ಟಾಗ ಸಾಯೋಕೆ ಬಿದ್ದಿದ್ಲು! ನಾನೇ ಕಣ್ಣಾರೆ ನೋಡಿದೀನಿ!"

ಇನ್ನೊಬ್ಬ ರೋಗಿಯನ್ನು ನೋಡಿದೆ. ಇಲ್ಲ.

ಮತ್ತೊಬ್ಬ. ಇಲ್ಲ.

ಹತ್ತು ಜನ. ಇಲ್ಲ, ಇಲ್ಲ, ಇಲ್ಲ...

ಚಾಳೀಸಣ್ಣ ಯಾರೋ ಒಬ್ಬರ ಸಾಲು ತಿದ್ದಲು ಹೋಗಿದ್ದಾನೆ. ಯಾರದ್ದೆಂದು ಹೇಳುವ ಷರತ್ತನ್ನೇ ಬರೆಯದೆ ಎಂಟರ್ ಒತ್ತಿದ್ದಾನೆ. ನಲವತ್ತೊಂದು ಲಕ್ಷ ಸಾಲು ಒಂದೇ ಏಟಿಗೆ 'ಇಲ್ಲ'! ಸಂಖ್ಯೆ ನೋಡಿ ಗಾಬರಿಯಾಗಿ ಎದ್ದು ಹೋಗಿದ್ದಾನೆ.

"ಹಲೋ, ಚಾಳೀಸು?" ಮೇಡಂ ಫೋನಿನಲ್ಲಿ ಗುಡುಗಿದರು. "ಅದೇನು ಅರ್ಧ ಬಿಟ್ಟಿದೀಯೋ ಮೊದಲು ಮುಗಿಸು! ಕಮಿಟ್ ಕೊಡು!"

ಸ್ಪೀಕರಿನಲ್ಲಿ ಚಪ್ಪಲಿ ಸದ್ದು. ಕುರ್ಚಿ ಎಳೆದ ಸದ್ದು. "ಆಯ್ತು ಮೇಡಂ... ಟೈಪ್ ಮಾಡ್ತಾ ಇದೀನಿ..."

"ಎಂಟರ್ ಒತ್ತಬೇಡಿ ಚಾಳೀಸಣ್ಣ!"

"ಆಂ? ಯಾರದು? ಒತ್ತು ಅಂದ್ರಾ?"

ಒತ್ತಿದರೆ ಸುಳ್ಳೇ ಖಾಯಂ. ಬಾಗಿಲು ತೆರೆಯುತ್ತದೆ, ಬ್ಲಡ್ ಬ್ಯಾಂಕ್ ಆ ಸುಳ್ಳನ್ನು ಓದುತ್ತದೆ, ಚೀಲ ಮೇಲಕ್ಕೆ ಹೋಗುತ್ತದೆ. ನಾನು ಇನ್ನು ವಿವರಿಸಲಿಲ್ಲ. ಕಿಲ್ ಎಂದು ಟೈಪಿಸಿದೆ. ಒಂದು ಎಂಟು ಏಳು. ಅಂಕಿಯನ್ನು ಎರಡು ಸಲ ಓದಿದೆ. ಕುತ್ತಿಗೆ ಬಿಗಿದಿದ್ದರೂ ಎರಡು ಸಲ.

ಕೊಂದೆ.

"ಅಯ್ಯೋ..." ಎಂದಿತು ಸ್ಪೀಕರ್. "ಕನೆಕ್ಷನ್ ಹೋಯ್ತಲ್ಲ!"

"ರೆಕಾರ್ಡ್ ಸಿಕ್ತಾ?" ಡ್ರೈವರ್ ಕೇಳಿದ.

"ಇಲ್ಲ. ಮಾಡಿದ್ದನ್ನೆಲ್ಲ ಒಂದೊಂದಾಗಿ ವಾಪಸ್ ಮಾಡ್ತಾ ಇದೆ. ನಲವತ್ತು ನಿಮಿಷ ಆಗುತ್ತೆ."

ಅವನ ಇನ್ನೊಂದು ಕೈ ಮೇಲೆದ್ದಿತು.

"ಹೊಡಿ ಅಣ್ಣಾ, ಬೇಡ ಅನ್ನಲ್ಲ. ಆದ್ರೆ ಹನ್ನೆರಡು ನಿಮಿಷ ಆದ್ಮೇಲೆ."

ಮೂಲೆಯಲ್ಲಿ ಒಂದು ಹಳೆಯ ಯಂತ್ರವಿತ್ತು. ಬೆಳಗಿನ ಜಾವದ ಬ್ಯಾಕಪ್ಪಿನಿಂದ ಆ ಒಂದೇ ಟೇಬಲ್ಲನ್ನು ಅದರ ಮೇಲೆ ಇಳಿಸಲು ಶುರು ಮಾಡಿದೆ. ಹನ್ನೆರಡು ನಿಮಿಷ ಎಂದು ಹೇಗೆ ಗೊತ್ತು? ಪ್ರತಿ ತಿಂಗಳೂ ಇಳಿಸಿ ನೋಡುತ್ತೇನೆ. 'ಕೆಲಸವಿಲ್ಲದ ಬಡಗಿ' ಎಂದು ಆಫೀಸೆಲ್ಲ ಆಡಿಕೊಳ್ಳುತ್ತದೆ. ತೆರೆದು ನೋಡದ ಬ್ಯಾಕಪ್ಪು ಬ್ಯಾಕಪ್ಪಲ್ಲ, ಬರೀ ನಂಬಿಕೆ.

ಅಷ್ಟರಲ್ಲಿ ಚಾಳೀಸಣ್ಣ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತ. ಕನ್ನಡಕ ಹಣೆಯ ಮೇಲೇ ಇತ್ತು.

ಎರಡೂ ಮೂವತ್ತಕ್ಕೆ ಸಾಲು ಬಂತು. ರಿಯಾಕ್ಷನ್: ಇದೆ, ತೀವ್ರ. ಯಾವ ಬಗೆಯ ರಕ್ತ ಕೊಡಕೂಡದು ಎಂದೂ ಬರೆದಿತ್ತು. ಮೇಡಂ ಅದನ್ನು ಬ್ಲಡ್ ಬ್ಯಾಂಕಿಗೆ ಎರಡು ಸಲ ಓದಿ ಹೇಳಿದರು. ಕಾಲರ್ ಸಡಿಲವಾಯಿತು. ಡ್ರೈವರ್ ಮೆಟ್ಟಿಲು ಹಾರಿಕೊಂಡು ಓಡಿದ.

ಮೂರೂವರೆಗೆ ಸುದ್ದಿ ಬಂತು. ಹುಡುಗಿ ಕಣ್ಣು ಬಿಟ್ಟಿದ್ದಳು.

"ಯಾರಿಗೆ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ ಕಣೋ," ಎಂದ ಚಾಳೀಸಣ್ಣ. "ಮೆಟ್ಟಿಲ ಮೇಲೆ ಕೂತ್ಬಿಟ್ಟೆ."

"ನಂಗೆ ಹೇಳ್ಬೇಕಿತ್ತು. ಬೈದು, ಸರಿ ಮಾಡಿಕೊಡ್ತಿದ್ದೆ."

ಮೇಡಂ ವರದಿಯ ಹಾಳೆ ಹಿಡಿದು ಬಂದರು. "ಇಡೀ ಟೇಬಲ್ ತಿದ್ದೋ ಅಧಿಕಾರ ಇವನಿಗೆ ಕೊಟ್ಟೋರು ಯಾರು?"

ಚಾಳೀಸಣ್ಣ ನೆಲ ನೋಡಿದ. ಎರಡು ವರ್ಷದ ಹಿಂದೆ ಅವನು ದಿನಕ್ಕೆ ಹತ್ತು ಸಲ ಬಂದು 'ಇದೊಂದು ತಿದ್ದಿಕೊಡೋ' ಎನ್ನುತ್ತಿದ್ದ. ಸುಸ್ತಾಗಿತ್ತು. ನೀವೇ ತಿದ್ದಿಕೊಳ್ಳಿ ಮಾರಾಯ್ರೇ ಎಂದು ಪೂರ್ತಿ ಅಧಿಕಾರ ಕೊಟ್ಟು ಕೈ ತೊಳೆದುಕೊಂಡಿದ್ದೆ.

"ನಾನು," ಎಂದೆ.

ಆಮೇಲೆ ಹದಿನೈದು ದಿನ ಕಣ್ತುಂಬ ನಿದ್ದೆ ಮಾಡಿದೆ, ಸ್ವಾಮಿ. ಆರ್ಡರಿನಲ್ಲಿ ಮಾತ್ರ ಅದನ್ನು ಸಸ್ಪೆನ್ಷನ್ ಎಂದು ಬರೆದಿದ್ದರು.