ಒಂದು ಹನಿ ಬಣ್ಣವೂ ಇಲ್ಲದ ನೆಲ

ಪೇಂಟರ್ ಹಾಲ್‌ನ ನಡುವೆ ಅಂಗಾತ ಬಿದ್ದಿದ್ದ. ಪಕ್ಕದಲ್ಲಿ ಏಣಿ. ತಲೆಯಡಿ ರಕ್ತ. ಅಂಗಿಯಿಂದ ಬ್ರಾಂದಿಯ ಘಾಟು ಮೂಗಿಗೆ ಹೊಡೆಯುತ್ತಿತ್ತು.

"ಬೆಳಿಗ್ಗೆಯಿಂದಾನೇ ತೂರಾಡ್ತಿದ್ದ, ಮೇಡಂ," ಎಂದಳು ಮನೆಯೊಡತಿ. "ನಾನು ಅಡುಗೆಮನೇಲಿದ್ದೆ. ಧಡ್ ಅಂತ ಸದ್ದಾಯ್ತು. ಬಂದು ನೋಡಿದ್ರೆ ಹೀಗೆ."

ಇಪ್ಪತ್ತು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಇಂಥವನ್ನು ಬೇಕಾದಷ್ಟು ಕಂಡಿದ್ದಳು. 'ಕುಡಿದು ಬಿದ್ದದ್ದು' ಎಂದು ಬರೆದೇಬಿಟ್ಟಳು.

*

ಪೇಂಟರನ ಮಗಳು ಗೇಟಿನ ಬಳಿಯೇ ನಿಂತಿದ್ದಳು. ಏನು ಹೇಳಿದರೂ ಒಳಗೆ ಬರಲೊಲ್ಲಳು.

"ಕುಡಿಯೋದು ಬಿಟ್ಟು ಆರು ವರ್ಷ ಆಗಿತ್ತು. ನನಗೆ ಮಾತು ಕೊಟ್ಟು ಹೀಗೆ ಮಾಡಿದ್ರಲ್ಲ! ನಾನು ಆ ಮುಖ ನೋಡಲ್ಲ."

"ಕೆಲಸದಲ್ಲಿ ಹೇಗೆ?" ಎಂದು ಕೇಳಿದಳು ಇನ್‌ಸ್ಪೆಕ್ಟರ್.

"ಕೆಲಸದಲ್ಲಿ ಅಪ್ಪ ಎತ್ತಿದ ಕೈ. ಸೀಲಿಂಗ್ ಅಂದ್ರೆ ಹನಿ ಬಿದ್ದೇ ಬೀಳುತ್ತೆ. ನೆಲಕ್ಕೆ ಪ್ಲಾಸ್ಟಿಕ್ ಶೀಟ್ ಹಾಸೋರು. ಏಣಿ ಕೆಳಗೆ ಮಾತ್ರ ಹಾಸ್ತಿರಲಿಲ್ಲ, ಜಾರುತ್ತೆ ಅಂತ. ಅಲ್ಲಿ ಬಿದ್ದ ಹನೀನ ಆಮೇಲೆ ತಾವೇ ಒರೆಸ್ತಿದ್ರು."

ಇನ್‌ಸ್ಪೆಕ್ಟರ್ ಸರಸರನೆ ಒಳಗೆ ಹೋದಳು.

*

ಸೀಲಿಂಗ್ ಅರ್ಧ ಮುಗಿದಿತ್ತು. ಪೇಂಟರನ ಹುಬ್ಬಿನ ಮೇಲೂ ಬಿಳಿ ಹನಿಗಳು. ನೆಲದ ಮೇಲೆ ಮಾತ್ರ ಒಂದು ಹನಿ ಬಣ್ಣವೂ ಇಲ್ಲ. ಅವಳು ಹೆಣದ ಬಾಯಿಯ ಬಳಿ ಬಗ್ಗಿದಳು. ಅಲ್ಲಿ ಬ್ರಾಂದಿಯ ವಾಸನೆಯೇ ಇರಲಿಲ್ಲ.

"ನೆಲ ಒರೆಸಿದ್ರಾ?"

"ಇಲ್ಲ ಮೇಡಂ, ನಾನೇನೂ ಮುಟ್ಟಿಲ್ಲ."

"ಹಾಗಾದ್ರೆ ಹನಿಯೆಲ್ಲ ಎಲ್ಲಿ ಹೋಯ್ತು? ಶೀಟ್ ಎಲ್ಲಿ?"

ಮನೆಯೊಡತಿಯ ಕಣ್ಣು ಬಚ್ಚಲುಮನೆಯತ್ತ ಹೋಯಿತು. ಅಲ್ಲಿ ಬಾಗಿಲ ಹಿಂದೆ ಶೀಟ್ ಸಿಕ್ಕಿತು. ಬಿಡಿಸಿದರೆ ಒಂದು ಅಂಚಿನಲ್ಲಿ ರಕ್ತ. ಹಸಿ ಬಣ್ಣದ ಮೇಲೆ ಎರಡು ಉದ್ದ ಗೀರು, ಏಣಿಯ ಕಾಲಿನವು.

"ಏಣಿ ಶೀಟಿನ ಮೇಲಿತ್ತು. ಅವನು ಹಾಗೆ ಇಡೋನಲ್ಲ, ನೀವು ಇಡಿಸಿದ್ರಿ. ಏಣಿ ಜಾರ್ತು. ಅವನಡಿಯಿಂದ ಶೀಟ್ ಎಳೆದು ಬಚ್ಚಿಟ್ರಿ. ಅಂಗಿಗೆ ಬ್ರಾಂದಿ ಸುರಿದ್ರಿ."

ಮನೆಯೊಡತಿ ಶೀಟಿನಿಂದ ಮುಖ ತಿರುಗಿಸಿದಳು. "ಹೊಸ ನೆಲ, ಮೇಡಂ... ಬೇಡ ಅಮ್ಮಾ, ಜಾರುತ್ತೆ ಅಂದ. ಏಣಿ ಕೆಳಗೂ ಹಾಸದಿದ್ರೆ ಕೆಲಸ ಬಿಟ್ಟು ಹೋಗು ಅಂದೆ. ಹಿಂದೆ ಕುಡೀತಿದ್ದೆ, ಈಗ ಬಿಟ್ಟಿದ್ದೀನಿ ಅಂತ ಮೊದಲ ದಿನ ಅವನೇ ಹೇಳಿದ್ದ. ಅದಕ್ಕೇ ಎಲ್ಲರೂ ನಂಬ್ತಾರೆ ಅಂದ್ಕೊಂಡೆ."

ಇನ್‌ಸ್ಪೆಕ್ಟರ್‌ಗೆ ನಾಚಿಕೆಯಾಯಿತು. ಮೊದಲು ನಂಬಿದವಳು ತಾನೇ.

*

"ನಿಮ್ಮಪ್ಪ ಕುಡಿದಿರಲಿಲ್ಲ, ತಾಯಿ," ಎಂದಳು ಗೇಟಿನ ಬಳಿ ಬಂದು. ನಡೆದದ್ದನ್ನೆಲ್ಲ ಹೇಳಿದಳು.

ಮಗಳು ಗೇಟು ತಳ್ಳಿದಳು.

"ಆರು ವರ್ಷ ಅಪ್ಪ ಮನೆಗೆ ಬಂದ ತಕ್ಷಣ ಬಾಯಿ ಮೂಸಿ ನೋಡ್ತಿದ್ದೆ, ಮೇಡಂ. ಒಂದು ದಿನಾನೂ ಬೇಜಾರು ಮಾಡ್ಕೊಳ್ಳಲಿಲ್ಲ, ತಾವೇ ಬಗ್ಗೋರು. ಇವತ್ತು ನೋಡದೇ ನಂಬಿಬಿಟ್ಟೆ," ಎಂದು ಒಳಗೆ ಓಡಿದಳು.